ಕರಿಕೋಟಿಗೆ ತಗುಲಿದ ಗುಂಡು

ಚುಕ್ಕಿ ಅಕ್ಕನ ಕೊರಳಲ್ಲಿ ಸರವಿಲ್ಲ, ಸೀಟಿ ಇದೆ. ಸೀಟಿಯ ಜೊತೆಗೆ ಮೊಳದುದ್ದದ ಕಿತ್ತಳೆ ಬಣ್ಣದ ದಪ್ಪ ದಾರವೊಂದು ಜೋತಾಡುತ್ತಿರುತ್ತದೆ. ಶೂಟಿಂಗ್ ರೇಂಜಿಗೆ ಹೊಸದಾಗಿ ಸೇರಿದವರು ಅದನ್ನು ನೋಡಿ, ಯಾವುದೋ ಹಳೆಯ ಪದಕದ ಪಟ್ಟಿ ಹರಿದು ಉಳಿದ ಚೂರಿರಬೇಕು ಅಂದುಕೊಳ್ಳುತ್ತಾರೆ. ಎರಡನೆಯ ದಿನ ಅದು ಏತಕ್ಕೆ ಅಂತ ಗೊತ್ತಾಗುತ್ತದೆ. ಮೂರನೆಯ ದಿನದಿಂದ ಕನಸಿನಲ್ಲೂ ಅದೇ ಬರುತ್ತದೆ.

ಪಿಸ್ತೂಲಿನ ಮೇಲ್ಭಾಗವನ್ನು ಹಿಂದಕ್ಕೆಳೆದರೆ ಅದು ಬಾಯಿ ತೆರೆಯುತ್ತದೆ. ಒಳಗೆ ಗುಂಡು ಕೂತಿದ್ದರೆ ಹೊರಗೆ ಬೀಳುತ್ತದೆ. ಆಮೇಲೆ ಆ ಬಾಯಿಯಿಂದ ದಾರ ತೂರಿಸಬೇಕು. ದಾರದ ತುದಿ ನಳಿಗೆಯ ಮುಂದೆ ಇಣುಕಿ ನೋಡಿದರೆ ಪಿಸ್ತೂಲು ಖಾಲಿ. ಅಷ್ಟಾದ ಮೇಲೇ ಅದು ಪೆಟ್ಟಿಗೆ ಸೇರಬೇಕು. ಇದನ್ನು ನೋಡದೆ ಚುಕ್ಕಿ ಅಕ್ಕ ಯಾರನ್ನೂ ಬಾಗಿಲು ದಾಟಲು ಬಿಡುವುದಿಲ್ಲ. ಅವಳ ಭಾಷಣ ಒಂದೇ ಪದದ್ದು: "ತೋರ್ಸು." ರಾಜ್ಯದ ಚಾಂಪಿಯನ್ ಬಂದರೂ ತೋರ್ಸು, ಪೊಲೀಸ್ ಸಾಹೇಬರ ಮಗ ಬಂದರೂ ತೋರ್ಸು. ಅವಳು ಟೀ ಕುಡಿದ ಲೋಟವನ್ನೂ ಕಣ್ಣಿಗೆ ಹಿಡಿದು, ಖಾಲಿ ಅಂತ ಖಾತ್ರಿ ಮಾಡಿಕೊಂಡೇ ತೊಳೆಯಲು ಹಾಕುತ್ತಾಳೆ ಅಂತ ರೇಂಜಿನ ಹುಡುಗರು ಆಡಿಕೊಳ್ಳುತ್ತಾರೆ.

ಈಚೆಗೆ ಬಂದ ಎರಡು ಜಡೆಯ ಹುಡುಗಿಯೊಬ್ಬಳಿದ್ದಾಳೆ. ಒಳ್ಳೆಯ ಗುರಿ, ಅದಕ್ಕಿಂತ ಒಳ್ಳೆಯ ನಾಲಿಗೆ. ಒಂದು ದಿನ ಅವಳಿಗೆ ತಡೆಯಲಾಗಲಿಲ್ಲ.

"ಅಕ್ಕಾ, ದಿನಾ ಇದೇ ರಾಮಾಯಣನಾ? ನಾನೇನು ಹಾಲು ಕುಡಿಯೋ ಮಗೂನಾ? ಖಾಲಿ ಅಂದ್ರೆ ಖಾಲಿ."

"ಹೌದಮ್ಮಾ, ನೀನು ದೊಡ್ಡೋಳು. ತೋರ್ಸು."

"ನನ್ ಮೇಲೆ ನಂಬಿಕೆ ಇಲ್ವಾ?"

"ನಂಗೆ ನನ್ ಮೇಲೇ ಇಲ್ಲ. ನಿಂದ್ಯಾವ ಲೆಕ್ಕ!"

ಹುಡುಗಿ ಮೂತಿ ಉದ್ದ ಮಾಡಿಕೊಂಡು ದಾರ ತೂರಿಸಿ ತೋರಿಸಿದಳು. ಅಕ್ಕ ತಮಾಷೆ ಮಾಡುತ್ತಿದ್ದಾಳೆ ಅಂದುಕೊಂಡಳು. ಆದರೆ ಚುಕ್ಕಿ ಹೇಳಿದ್ದು ಸುಣ್ಣ ಬಣ್ಣ ಬಳಿಯದ ನಿಜ.

ಹುಟ್ಟುತ್ತಲೇ ಯಾರೂ ಹೀಗಿರುವುದಿಲ್ಲವಲ್ಲ. ಚುಕ್ಕಿಯೂ ಎಲ್ಲರಂತೆ ಅಳುತ್ತಲೇ ಹುಟ್ಟಿದವಳು. ಅವಳ ಅಪ್ಪ ಹೇಳುವ ಪ್ರಕಾರ ಹುಟ್ಟುವಾಗ ಒಂದು ಕಣ್ಣು ಮುಚ್ಚಿ, ಇನ್ನೊಂದರಲ್ಲಿ ಡಾಕ್ಟರರ ಮೂಗಿಗೆ ಗುರಿ ಹಿಡಿದಿದ್ದಳಂತೆ. ಆದರೆ ಅವಳ ಅಪ್ಪ ಹೇಳಿದ್ದನ್ನೆಲ್ಲ ನಂಬುತ್ತಾ ಕೂತರೆ ಉದ್ಧಾರವಾದ ಹಾಗೆಯೇ.

ಅಪ್ಪ ಶಾಲೆಯ ವ್ಯಾನಿನ ಡ್ರೈವರ್. ಕಾಗೆ ಹಾರಿಸುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. "ಒಂದ್ಸಲ ಎಂಥಾ ಗಾಳಿ ಅಂತೀರಾ, ತಿರುವಲ್ಲಿ ಹಾರ್ನ್ ಹೊಡ್ದೆ ಮಕ್ಳೇ, ಸದ್ದೇ ಇಲ್ಲ! ಗಾಳಿ ಹೊತ್ಕೊಂಡು ಹೋಗ್ಬಿಟ್ಟಿತ್ತು. ಮಾರನೇ ದಿನ ಅದೇ ತಿರುವಿಗೆ ಬಂದ್ರೆ, ಹಿಂದಿನ ದಿನದ ಹಾರ್ನು ಆಗ ಕೇಳಿಸ್ತು ನೋಡಿ. ನಾನೇ ಬೆಚ್ಚಿಬಿದ್ದು ನಂಗೇ ದಾರಿ ಬಿಟ್ಕೊಟ್ಟೆ!" ಇಂಥವನ್ನು ಕೇಳುತ್ತಾ ಕೂತ ಮಕ್ಕಳು ಶಾಲೆಯ ಗೇಟು ಬಂದರೂ ವ್ಯಾನಿನಿಂದ ಇಳಿಯುತ್ತಿರಲಿಲ್ಲ. ಹೆಡ್‌ಮಿಸ್ಸು ಬಂದು ಬೈದರೆ, ಅವರೂ ಬಾಗಿಲ ಹತ್ತಿರ ನಿಂತು ಕಥೆಯ ಕೊನೆ ಕೇಳಿಕೊಂಡೇ ಬೈಯುತ್ತಿದ್ದರು.

ಅವರ ಮನೆ ಒಂದು ಹಳೆಯ ಉಗ್ರಾಣದ ಅರ್ಧ ಭಾಗ. ಉಳಿದ ಅರ್ಧ ಟೈಲರ್ ಮಾವನ ಅಂಗಡಿ. ರಕ್ತಸಂಬಂಧದ ಮಾವನೇನಲ್ಲ, ಚುಕ್ಕಿ ಅಂಬೆಗಾಲಿಡುತ್ತಿದ್ದಾಗಿನಿಂದ ಪಕ್ಕದಲ್ಲೇ ಇದ್ದು ಇದ್ದು ಮಾವನಾದವನು. ನಡುವೆ ಇದ್ದದ್ದು ಹಲಗೆಯ ಗೋಡೆ. ಆ ಕಡೆ ಹೊಲಿಗೆ ಮೆಷಿನ್ ಕಟಕಟ ಅಂದರೆ ಈ ಕಡೆ ಚುಕ್ಕಿಗೆ ಜೋಗುಳ. ಈ ಕಡೆ ಅಮ್ಮ ಬೈದರೆ ಆ ಕಡೆಯಿಂದ ಮಾವನ ತೀರ್ಪು ಬರುತ್ತಿತ್ತು: "ಅಕ್ಕಾ, ಇವತ್ತು ತಪ್ಪು ನಿಮ್ದೇ ಬಿಡಿ."

ಚುಕ್ಕಿ ಅನ್ನುವ ಹೆಸರೂ ಗೋಡೆಯಿಂದಲೇ ಬಂದದ್ದು. ಶಾಲೆಯ ಕ್ರೀಡಾಶಿಬಿರದಲ್ಲಿ ಒಮ್ಮೆ ಏರ್ ಪಿಸ್ತೂಲು ಹಿಡಿದವಳು ಕೆಳಗಿಡಲೇ ಇಲ್ಲ. ಒಂದೊಂದೇ ಪಂದ್ಯ ಗೆದ್ದು ಗುಂಡಿನ ಪಿಸ್ತೂಲಿಗೆ ಬಂದಳು. ಶೂಟರುಗಳು ಮನೆಯಲ್ಲಿ ಖಾಲಿ ಪಿಸ್ತೂಲು ಹಿಡಿದು, ಗೋಡೆಗೆ ಅಂಟಿಸಿದ ಕಪ್ಪು ಚುಕ್ಕಿಗೆ ಗುರಿಯಿಟ್ಟು, ಸುಮ್ಮನೆ ಟ್ರಿಗರ್ ಒತ್ತಿ ಅಭ್ಯಾಸ ಮಾಡುತ್ತಾರೆ. ಅದಕ್ಕೆ 'ಡ್ರೈ' ಅನ್ನುತ್ತಾರೆ. ಕೈ ಅಲುಗದ ಹಾಗೆ ಪಳಗಿಸುವ ಕೆಲಸ ಅದು. ಚುಕ್ಕಿ ಅಂಟಿಸಿದ ಚುಕ್ಕಿಗಳಿಗೆ ಲೆಕ್ಕವಿರಲಿಲ್ಲ. "ಇವಳನ್ನ ಹೀಗೇ ಬಿಟ್ರೆ ನನ್ ಬೋಳುತಲೆಗೂ ಒಂದು ಅಂಟಿಸ್ತಾಳೆ" ಅಂತ ಅಪ್ಪ ಹೆದರಿಕೊಂಡು ಟೋಪಿ ಹಾಕಿಕೊಂಡೇ ಮಲಗುತ್ತಿದ್ದನಂತೆ.

ಕೋಚ್ ಸರ್ ಒಂದು ಕಟ್ಟಪ್ಪಣೆ ಮಾಡಿದ್ದರು: ಗುರಿಯ ಕಪ್ಪು ಚುಕ್ಕಿ ಇರಬೇಕಾದದ್ದು ಹೊರಗಡೆಯ ಇಟ್ಟಿಗೆ ಗೋಡೆಯ ಮೇಲೆ ಮಾತ್ರ. ಪಿಸ್ತೂಲು ಖಾಲಿಯಿದ್ದರೂ ಅಷ್ಟೇ. ಕಾನೂನಿನದೂ ಒಂದು ಅಪ್ಪಣೆಯಿತ್ತು. ಪಿಸ್ತೂಲು ಕೊಂಡಾಗ ಅವಳಿಗೆ ಇನ್ನೂ ಕಾನೂನಿನ ವಯಸ್ಸು ತುಂಬದಿದ್ದ ಕಾರಣ ಲೈಸೆನ್ಸ್ ಅಪ್ಪನ ಹೆಸರಿನಲ್ಲಿತ್ತು. ಪಿಸ್ತೂಲು ಬೀರುವಿನಲ್ಲಿ, ಬೀರುವಿನ ಕೀಲಿ ಅಪ್ಪನ ಜೇಬಿನಲ್ಲಿ, ಕೊಡುವ ಮುಂಚೆ ಅಪ್ಪ ತೆರೆದು ನೋಡಿಯೇ ಕೊಡಬೇಕು. ಮೊದಮೊದಲು ಅಪ್ಪ ಕನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು, ನಳಿಗೆಯನ್ನು ಇಣುಕಿ ಇಣುಕಿ ನೋಡುತ್ತಿದ್ದ. ಬರಬರುತ್ತಾ, ನನಗಿಂತ ಮಗಳಿಗೇ ಹೆಚ್ಚು ಗೊತ್ತಲ್ಲ ಅಂದುಕೊಂಡು, ಬೀರು ತೆಗೆದು ಪೆಟ್ಟಿಗೆಯನ್ನು ಹಾಗೆಯೇ ಕೈಗಿಡತೊಡಗಿದ. ಬಾಯಲ್ಲಿ ಕಥೆ ನಡೆಯುತ್ತಿದ್ದರೆ ಕಣ್ಣಿಗೆ ಬಿಡುವೆಲ್ಲಿ?

ಅವಳಿಗೆ ಹದಿನೆಂಟು ತುಂಬಿದ ಸ್ವಲ್ಪ ದಿನಕ್ಕೆ ತಂಡದ ಆಯ್ಕೆಯ ಪಂದ್ಯ ಬಂತು. ಭಾನುವಾರ ಪಂದ್ಯ. ಆ ಗುರುವಾರ ರೇಂಜಿನಲ್ಲಿ ಅವಳ ಕೈ ಕಲ್ಲಿನ ಹಾಗೆ ನಿಂತಿತ್ತು. ಕೊನೆಯ ಸುತ್ತಿಗೆ ಗುಂಡು ತುಂಬಿ, ಪಿಸ್ತೂಲು ಎತ್ತಬೇಕು ಅನ್ನುವಾಗ ಕರೆಂಟ್ ಹೋಯಿತು. ನೆಲಮಾಳಿಗೆಯ ರೇಂಜು, ಒಂದು ಕಿಂಡಿಯೂ ಇಲ್ಲ, ಬಾವಿಯೊಳಗೆ ಬಿದ್ದ ಹಾಗಾಯಿತು. "ನಿಲ್ಸಿ! ಎಲ್ರೂ ಖಾಲಿ ಮಾಡಿ, ಪ್ಯಾಕ್ ಮಾಡಿ!" ಅಂತ ಕೋಚ್ ಸರ್ ಕೂಗಿ, ಫೋನಿನ ಬೆಳಕು ಹಿಡಿದುಕೊಂಡು ಜನರೇಟರ್ ಕಡೆ ಓಡಿದರು. ಚುಕ್ಕಿ ಗುಂಡುಗಳ ಮ್ಯಾಗಝೀನ್ ಕಿತ್ತು ಬೇರೆ ಇಟ್ಟಳು. ದಾರಕ್ಕಾಗಿ ತಡಕಿದಳು. ಅದನ್ನು ಗೆಳತಿಗೆ ಕೊಟ್ಟಿದ್ದು ನೆನಪಾಯಿತು. ಹೋಗಲಿ ಬಿಡು ಅಂದುಕೊಂಡು ಪೆಟ್ಟಿಗೆ ಮುಚ್ಚಿದಳು.

ಮ್ಯಾಗಝೀನ್ ತೆಗೆದರೆ ಪಿಸ್ತೂಲು ಖಾಲಿ ಅಂತ ಮನಸ್ಸು ಹೇಳಿಬಿಡುತ್ತದೆ. ಮನಸ್ಸಿನಂಥ ಸೋಮಾರಿ ಇನ್ನೊಂದಿಲ್ಲ. ಮ್ಯಾಗಝೀನ್ ಅನ್ನುವುದು ಗುಂಡುಗಳ ಡಬ್ಬಿ. ಡಬ್ಬಿ ತೆಗೆದರೂ, ಅದಾಗಲೇ ಮೇಲೇರಿ ನಳಿಗೆಯ ಬುಡದಲ್ಲಿ ಕೂತ ಒಂದು ಗುಂಡು, ಕರೆಯದೆ ಬಂದ ನೆಂಟನ ಹಾಗೆ, ಕೂತೇ ಇರುತ್ತದೆ.

ಮನೆಗೆ ಬಂದು, ಪೆಟ್ಟಿಗೆಯನ್ನು ಬೀರುವಿನಲ್ಲಿಡಲು ಅಪ್ಪನಿಗೆ ಕೊಟ್ಟು ನೋಡಿದರೆ, ಅಮ್ಮ ಇಟ್ಟಿಗೆ ಗೋಡೆಗೆ ನೀಲಿ ಬಣ್ಣ ಬಳಿಯುತ್ತಿದ್ದಳು. ಮೂಗಿನ ಮೇಲೂ ನೀಲಿ, ಸೆರಗಿನ ಮೇಲೂ ನೀಲಿ.

"ಅಮ್ಮಾ, ನನ್ ಚುಕ್ಕಿ?"

"ಎಲ್ಲಾ ಕಿತ್ತು ಬಿಸಾಕಿದೀನಿ. ಒಣಗೋವರೆಗೂ ಈ ಗೋಡೆ ಹತ್ರ ಸುಳಿದ್ರೆ ನಿನ್ನ ಮುಖಕ್ಕೂ ಒಂದು ಕೋಟ್ ಹೊಡೀತೀನಿ ನೋಡು!"

ಭಾನುವಾರ ಹತ್ತಿರವಿತ್ತು. ಒಂದು ದಿನ ತಪ್ಪಿಸಿದರೆ ಕೈ ಹದ ತಪ್ಪುತ್ತದೆ ಅನ್ನುವ ಹೆದರಿಕೆ. ಚುಕ್ಕಿ ಹೊಸ ಕಪ್ಪು ಚುಕ್ಕಿಯೊಂದನ್ನು ಕತ್ತರಿಸಿ ಹಲಗೆ ಗೋಡೆಗೆ ಅಂಟಿಸಿದಳು. ಅಪ್ಪ ಬೀರು ತೆಗೆದು ಪೆಟ್ಟಿಗೆ ಕೊಟ್ಟ. ವ್ಯಾನಿನ ಹಿಂದೆ ಓಡಿಬಂದ ಮೋಡದ ಕಥೆ ಅರ್ಧಕ್ಕೆ ಬಂದಿತ್ತು. ಚುಕ್ಕಿ ನಗುತ್ತಲೇ ಒಳಗೆ ಹೋದಳು, ನಿಂತಳು, ಕೈ ಚಾಚಿದಳು, ಉಸಿರು ಹಿಡಿದಳು, ಮೆಲ್ಲಗೆ ಟ್ರಿಗರ್ ಒತ್ತಿದಳು.

ಮುಚ್ಚಿದ ಕೋಣೆಯಲ್ಲಿ ಗುಂಡಿನ ಸದ್ದು ಕಿವಿಗೆ ಕೇಳಿಸುವುದಕ್ಕೂ ಮೊದಲು ಎದೆಗೆ ಬಡಿಯುತ್ತದೆ. ಅಮ್ಮನ ಕೈಯಿಂದ ಬ್ರಷ್ ಬಿತ್ತು. ಚುಕ್ಕಿಗೆ ಏನಾಯಿತೆಂದು ತಿಳಿಯುವ ಹೊತ್ತಿಗೆ ಹಲಗೆಯ ಮೇಲಿನ ಚುಕ್ಕಿಯ ನಟ್ಟನಡುವೆ ಬೆಳಕಿನ ಸಣ್ಣ ತೂತೊಂದು ಕಾಣುತ್ತಿತ್ತು. ಜೀವಮಾನದಲ್ಲೇ ಅಷ್ಟು ನಡುಮಧ್ಯಕ್ಕೆ ಅವಳು ಹೊಡೆದಿರಲಿಲ್ಲ.

ಅವಳನ್ನು ಹೆದರಿಸಿದ್ದು ಆ ತೂತಲ್ಲ. ಆ ಕಡೆ ಹೊಲಿಗೆ ಮೆಷಿನ್ ಸದ್ದಿರಲಿಲ್ಲ.

ಪಿಸ್ತೂಲನ್ನು ನೆಲದ ಮೇಲಿಟ್ಟಳು. ಹಲಗೆಗೆ ಕಿವಿಗೊಟ್ಟಳು. ಏನೂ ಇಲ್ಲ. ಆ ಒಂದು ಗಳಿಗೆಯಲ್ಲಿ ಅವಳು ಮುದುಕಿಯಾಗಿ ಮತ್ತೆ ಹದಿನೆಂಟಕ್ಕೆ ಬಂದಳು ಅಂದರೂ ಸರಿಯೇ.

ಆಮೇಲೆ ಆ ಕಡೆಯಿಂದ ಮಾವನ ದನಿ ಕೇಳಿಸಿತು. "ಅಯ್ಯಯ್ಯೋ! ದೊರೆಗೆ ಬಿತ್ತಲ್ರಪ್ಪೋ!"

ದೊರೆ ಅಂದರೆ ಅಂಗಡಿಯಲ್ಲಿ ಬಟ್ಟೆ ತೊಡಿಸಿ ನೋಡುವ ಬೊಂಬೆ. ತಲೆಯಿಲ್ಲ, ಕೈಯಿಲ್ಲ, ಆದರೂ ಎದೆಯುಬ್ಬಿಸಿ ನಿಂತ ಗತ್ತು ನೋಡಿ ಮಾವ ಇಟ್ಟ ಹೆಸರು. ಎಲ್ಲರೂ ಬಿದ್ದೆನೋ ಎದ್ದೆನೋ ಅಂತ ಓಡಿಹೋಗಿ ನೋಡಿದರೆ, ದೊರೆ ಲಾಯರಮ್ಮ ಹೊಲಿಸಲು ಕೊಟ್ಟಿದ್ದ ಹೊಸ ಕರಿಕೋಟು ತೊಟ್ಟು ನಿಂತಿದ್ದ. ಎಡಗಡೆಯ ಎದೆಯ ಮೇಲೆ ಉರುಟಾದ ತೂತು. ಒಳಗಿನ ಹತ್ತಿಯಲ್ಲಿ ಗುಂಡು ಬೆಚ್ಚಗೆ ಮಲಗಿತ್ತು.

"ನೋಡಮ್ಮಾ, ದೊರೆ ಅಲ್ಲಾಡ್ಲೇ ಇಲ್ಲ" ಅಂದ ಮಾವ. "ಗುಂಡು ಬಿದ್ರೂ 'ಹೊಲಿಗೆ ಮುಗೀಲಿ, ಆಮೇಲೆ ಸಾಯ್ತೀನಿ' ಅಂತ ನಿಂತವ್ನೆ. ಇಂಥ ಗಿರಾಕಿ ಎಲ್ಲಿ ಸಿಗ್ತಾನೆ ಹೇಳು!"

"ಮಾವಾ, ನೀವೆಲ್ಲಿದ್ರಿ?" ಅಂದಳು ಚುಕ್ಕಿ.

"ನಾನಾ? ಇಲ್ಲೇ... ಕಾಲರಿಗೆ ಪಿನ್ ಹಾಕ್ತಿದ್ದೆ. ಸೀಮೆಸುಣ್ಣ ಕೆಳಗೆ ಬಿತ್ತು. ಎತ್ಕೊಳ್ಳೋಣ ಅಂತ ಬಗ್ಗಿದೆ." ನಕ್ಕು, ಸ್ಟೂಲಿನ ಮೇಲೆ ಕೂತು, ಏನೂ ಆಗಿಲ್ಲವೆಂಬಂತೆ ಸೂಜಿಗೆ ದಾರ ಪೋಣಿಸಲು ಹೋದ. ದಾರ ಸೂಜಿಯ ಈ ಕಡೆ ಹೋಯಿತು, ಆ ಕಡೆ ಹೋಯಿತು. ನಾಲಿಗೆಗೆ ತಾಗಿಸಿ, ಚೂಪು ಮಾಡಿ, ಮತ್ತೆ ಪ್ರಯತ್ನಿಸಿದ. ಕತ್ತಲಲ್ಲೂ ಸೂಜಿ ಪೋಣಿಸುತ್ತೇನೆಂದು ಬೀಗುತ್ತಿದ್ದ ಕೈ ಎಲೆಯ ಹಾಗೆ ನಡುಗುತ್ತಿತ್ತು.

ಚುಕ್ಕಿ ಸೂಜಿ ಇಸಿದುಕೊಂಡು ದಾರ ಪೋಣಿಸಿ ಕೊಟ್ಟಳು.

ಸಂಜೆ ಕೋಚ್ ಸರ್ ಬಂದರು. ಹರಳೆಣ್ಣೆ ಕುಡಿದ ಮುಖ. ಕತ್ತಲಲ್ಲಿ ಯಾರ ಪಿಸ್ತೂಲನ್ನೂ ನೋಡದೆ ಮನೆಗೆ ಕಳಿಸಿದ್ದು ತಮ್ಮ ತಪ್ಪೆಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮಾತು ಜೋರಾಗಿತ್ತು. "ನೋಡಿ, ಯಾರಿಗೂ ಏನೂ ಆಗಿಲ್ಲ. ಹಲಗೆಗೆ ಸ್ವಲ್ಪ ಪುಟ್ಟಿ ತುಂಬಿ, ಬಣ್ಣ ಬಳೀರಿ. ಭಾನುವಾರದ ಪಂದ್ಯ ಮುಗೀಲಿ. ಈ ಹುಡುಗಿ ಕೈ ಇಡೀ ರಾಜ್ಯದಲ್ಲೇ ಇಲ್ಲ."

"ಕೋಟು?" ಅಂದಳು ಅಮ್ಮ. "ಬೆಳಿಗ್ಗೆ ಲಾಯರಮ್ಮ ಬರ್ತಾರೆ."

"ಇಲಿ ಕಚ್ಚಿತು ಅಂತೀನಿ" ಅಂದ ಟೈಲರ್ ಮಾವ.

"ಇಷ್ಟು ಉರುಟಾಗಿ ಕಚ್ಚೋ ಇಲಿ ಯಾವ ಸ್ಕೂಲಲ್ಲಿ ಓದಿತ್ತೋ!" ಅಂದಳು ಅಮ್ಮ.

ಅಷ್ಟು ಹೊತ್ತೂ ಬಾಯಿಗೆ ಬೀಗ ಹಾಕಿಕೊಂಡಿದ್ದ ಅಪ್ಪ ಆಗ ಕೆಮ್ಮಿದ. "ಯಾರೂ ಏನೂ ಹೇಳ್ಬೇಡಿ. ಲೈಸೆನ್ಸ್ ನನ್ದು. ನಾನು ಪಿಸ್ತೂಲು ಒರೆಸ್ತಾ ಇದ್ದೆ, ಗುಂಡು ಹಾರ್ತು. ಮುಗೀತು. ಮಗಳ ಹೆಸರು ಬರೋದೇ ಬೇಡ."

"ಅಪ್ಪಾ, ನಿನ್ ಮೇಲೆ ಕೇಸಾದ್ರೆ ಶಾಲೇಲಿ ವ್ಯಾನ್ ಕೊಡ್ತಾರಾ?"

"ವ್ಯಾನ್ ಹೋದ್ರೆ ಲಾರಿ. ಲಾರಿ ಹೋದ್ರೆ ರೋಡ್‌ರೋಲರ್. ನಿಂಗ್ಯಾಕೆ? ನೀನು ಭಾನುವಾರ ಹೋಗಿ ಹೊಡಿ."

ಮೂರು ಜನ, ಮೂರು ಸುಳ್ಳು, ಒಂದೇ ತೂತು. ಎಲ್ಲರೂ ಅವಳಿಗಾಗಿಯೇ ಹೇಳುತ್ತಿದ್ದರು, ಅದೇ ಅವಳಿಗೆ ಹೆಚ್ಚು ಕಷ್ಟವಾಗಿದ್ದು. ನಿಜ ಹೇಳಿದರೆ ಪಿಸ್ತೂಲು ಹೋಗುತ್ತದೆ, ಪಂದ್ಯ ಹೋಗುತ್ತದೆ, ಬಹುಶಃ ಶೂಟಿಂಗೇ ಹೋಗುತ್ತದೆ. ಹೇಳದಿದ್ದರೆ ಅಪ್ಪ ಹೋಗುತ್ತಾನೆ.

"ಸರಿ, ನಾಳೆ ಏನಂತ ಹೇಳ್ತೀಯ? ಈಗ ಹೇಳು ನೋಡೋಣ" ಅಂದಳು ಚುಕ್ಕಿ.

ಅಪ್ಪ ಎದ್ದು ನಿಂತು ಅಂಗಿ ಸರಿಮಾಡಿಕೊಂಡ. "ಸ್ವಾಮಿ, ನಾನು ಪಿಸ್ತೂಲು ಒರೆಸ್ತಾ ಕೂತಿದ್ದೆ. ಅಷ್ಟರಲ್ಲಿ ಒಂದು ಹಲ್ಲಿ ಬಂತು."

"ಹಲ್ಲಿ ಯಾಕೆ?" ಅಂದರು ಕೋಚ್ ಸರ್.

"ಸುಮ್ನೆ ಹಾರ್ತು ಅಂದ್ರೆ ಯಾರು ನಂಬ್ತಾರೆ? ಹಲ್ಲಿ ಬಂತು ಸ್ವಾಮಿ, ಸಣ್ಣ ಹಲ್ಲಿಯಲ್ಲ, ಇಷ್ಟುದ್ದ! ಟ್ರಿಗರ್ ಮೇಲೆ ಕಾಲಿಟ್ಟು ನನ್ನನ್ನೇ ದಿಟ್ಟಿಸಿ ನೋಡ್ತು. ನಾನು 'ಬೇಡ ಮಾರಾಯ' ಅಂದೆ. ಅದಕ್ಕೆ ನಮ್ಮ ವ್ಯಾನಿನ ಮೇಲೆ ಹಳೇ ದ್ವೇಷ, ಒಂದ್ಸಲ ಅದರ ಬಾಲ..."

ಟೈಲರ್ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಕೋಚ್ ಸರ್ ಕೂಡ ಮೀಸೆಯ ಕೆಳಗೇ ನಕ್ಕರು. ಚುಕ್ಕಿ ನಕ್ಕಳು, ನಗುನಗುತ್ತಲೇ ಅತ್ತುಬಿಟ್ಟಳು.

"ಅಪ್ಪಾ, ನಿನ್ನ ಸುಳ್ಳಿಗೆ ಊರೆಲ್ಲಾ ನಗುತ್ತೆ. ಯಾರಿಗೂ ನೋವಾಗಲ್ಲ, ಅದಕ್ಕೆ ನಗ್ತಾರೆ. ಇದಕ್ಕೆ ನಗಿಸ್ಬೇಡ ನೀನು. ಮಾವ ಬಗ್ಗದೇ ಇದ್ದಿದ್ರೆ ಯಾವ ಹಲ್ಲಿ ಕಥೆ ಹೇಳ್ತಿದ್ದೆ?"

ನಗು ನಿಂತಿತು. ಮಾವ ತನ್ನ ಕೈಗಳನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡ.

ಅಮ್ಮ ಬಣ್ಣದ ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿದಳು. "ನಾನಂತೂ ಆ ತೂತಿಗೆ ಬಣ್ಣ ಬಳಿಯಲ್ಲ. ದಿನಾ ಅದರ ಎದುರು ಕೂತು ಬಟ್ಟೆ ಮಡಚೋಳು ನಾನು." ಅಷ್ಟು ಹೇಳಿ ಒಳಗೆ ಹೋದಳು.

ಬೆಳಿಗ್ಗೆ ಲಾಯರಮ್ಮ ಬಂದಾಗ ಕೋಟನ್ನು ಚುಕ್ಕಿಯೇ ಹಿಡಿದುಕೊಂಡು ನಿಂತಿದ್ದಳು. ಮೊದಲಿಂದ ಕೊನೆಯವರೆಗೂ ಒಂದೇ ಉಸಿರಿನಲ್ಲಿ ಹೇಳಿದಳು. ಲಾಯರಮ್ಮ ಕೋಟಿನ ತೂತಿನಲ್ಲಿ ಕಿರುಬೆರಳು ತೂರಿಸಿ, ಅದು ಆ ಕಡೆ ಬಂದದ್ದನ್ನು ನೋಡಿದರು.

"ಇದರೊಳಗೆ ನಾನಿದ್ದಿದ್ರೆ ಇವತ್ತು ನಿನ್ ಪರ ಮಾತಾಡೋಕೆ ಲಾಯರ್ ಹುಡುಕ್ಬೇಕಾಗಿತ್ತು ಕಣೇ ಹುಡುಗಿ!"

"ಎಲ್ಲಾ ನನ್ನದೇ ತಪ್ಪು ಅಂತ ಬರ್ಕೊಳ್ಳಿ ಮೇಡಮ್" ಅಂದ ಅಪ್ಪ, ಕೊನೆಯ ಪ್ರಯತ್ನ ಅನ್ನುವಂತೆ.

"ಇದೇನ್ರೀ ಬಸ್ಸಿನ ಸೀಟಾ, ಒಬ್ಬರು ಎದ್ದು ಇನ್ನೊಬ್ಬರಿಗೆ ಕೊಡೋಕೆ? ಟ್ರಿಗರ್ ಒತ್ತಿದ್ದು ಇವಳು. ಹದಿನೆಂಟಾಗಿದೆ, ಅದಕ್ಕೆ ಇವಳೇ ಉತ್ತರ ಹೇಳ್ಬೇಕು. ಪಿಸ್ತೂಲು ನಿಮ್ ಹೆಸರಲ್ಲಿದೆ, ನೋಡದೆ ಕೊಟ್ಟಿದ್ದಕ್ಕೆ ನೀವು ಹೇಳ್ಬೇಕು. ರೇಂಜಿಂದ ನೋಡದೆ ಬಿಟ್ಟೋರಿಗೂ ಅವರ ಪಾಲಿದೆ. ಅವರವರ ಪಾಲು ಅವರವರೇ ಹೊತ್ಕೊಳ್ಳಿ. ಬೇರೆಯವರದ್ದು ಹೊರೋಕೆ ಹೋದ್ರೆ ಸುಳ್ಳು ಹೇಳಿಕೆ ಅಂತ ಇನ್ನೊಂದು ಕೇಸು." ಕೋಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡರು. "ನಡೀರಿ. ಪೊಲೀಸರಾಗೇ ಹುಡ್ಕೊಂಡು ಬರೋ ಮುಂಚೆ ನಾವಾಗೇ ಹೋಗೋದು ಒಳ್ಳೇದು."

ಠಾಣೆಯಲ್ಲಿ ಚುಕ್ಕಿ ಎಲ್ಲ ಹೇಳಿದಳು. ಕರೆಂಟ್ ಹೋದದ್ದು, ದಾರ ಕೊಟ್ಟದ್ದು, ಹಲಗೆಗೆ ಚುಕ್ಕಿ ಅಂಟಿಸಿದ್ದು, ಒಂದನ್ನೂ ಬಿಡಲಿಲ್ಲ. ಆಮೇಲೆ ಇನ್‌ಸ್ಪೆಕ್ಟರ್ ಅಪ್ಪನ ಕಡೆ ತಿರುಗಿದರು. ಅಪ್ಪ ಬಾಯಿ ತೆರೆದ. ಈಗ ಹಲ್ಲಿ ಬರುತ್ತದೆ ಅಂದುಕೊಂಡಳು ಚುಕ್ಕಿ. "ಬೀರು ತೆಗೆದು ಕೊಟ್ಟೋನು ನಾನು ಸರ್," ಅಂದ ಅಪ್ಪ. "ತೆರೆದು ನೋಡ್ಬೇಕಿತ್ತು, ನೋಡ್ಲಿಲ್ಲ." ಅಷ್ಟೇ. ಅವನ ಬಾಯಿಂದ ಬಾಲವಿಲ್ಲದ, ರೆಕ್ಕೆಯಿಲ್ಲದ ಕಥೆ ಬಂದದ್ದು ಅದೊಂದೇ ಸಲ. ಅದನ್ನು ಕೇಳಿದಾಗ ಮಗಳಿಗೆ ಅಪ್ಪನ ಭುಜಕ್ಕೆ ಒರಗಿಕೊಳ್ಳಬೇಕು ಅನ್ನಿಸಿತು, ಒರಗಿಕೊಂಡಳು.

ಹೇಳಿಕೆ ಬರೆದು ಮುಗಿಯುವ ಹೊತ್ತಿಗೆ ಬಾಗಿಲಲ್ಲಿ ಕೋಚ್ ಸರ್ ನಿಂತಿದ್ದರು, ಟೋಪಿ ಕೈಯಲ್ಲಿ. ಯಾರೂ ಕರೆಸಿರಲಿಲ್ಲ. "ನನ್ನದೂ ಸ್ವಲ್ಪ ಬರ್ಕೊಳ್ಳಿ" ಅಂದರು.

ಪಿಸ್ತೂಲಿಗೆ ಸೀಲು ಬಿತ್ತು, ಲೈಸೆನ್ಸಿಗೆ ತಡೆ ಬಿತ್ತು. ಭಾನುವಾರ ಪಂದ್ಯ ನಡೆಯಿತು, ಚುಕ್ಕಿಯ ಜಾಗದಲ್ಲಿ ದಾರ ಇಸಿದುಕೊಂಡಿದ್ದ ಗೆಳತಿಯೇ ಆಯ್ಕೆಯಾದಳು. ಚುಕ್ಕಿ ಆ ದಿನ ಅಮ್ಮನ ಜೊತೆ ಗೋಡೆಯ ಎರಡನೆಯ ಕೋಟ್ ಬಳಿದಳು. ಬ್ರಷ್ಷು ಹಿಡಿದ ಕೈ ಅಲುಗದೆ ನಿಂತಿರುವುದನ್ನು ನೋಡಿ ಅಮ್ಮನೇ ಕಣ್ಣೊರೆಸಿಕೊಂಡಳು. ಮೂಗಿಗೆ ಇನ್ನಷ್ಟು ನೀಲಿ ಹತ್ತಿತು.

ಅಪ್ಪ ತಾನಾಗಿಯೇ ಹೋಗಿ ಹೆಡ್‌ಮಿಸ್ಸಿಗೆ ಹೇಳಿದ. ಕೇಸು ಮುಗಿಯುವವರೆಗೆ ವ್ಯಾನ್ ಬೇರೆಯವರಿಗೆ ಹೋಯಿತು. ಹೊಸ ಡ್ರೈವರ್ ಒಳ್ಳೆಯವನೇ, ಆದರೆ ನಿಜ ಮಾತ್ರ ಹೇಳುತ್ತಿದ್ದ. ಮಕ್ಕಳು ಗೇಟು ಬರುವ ಮುಂಚೆಯೇ ಇಳಿದು ಓಡುತ್ತಿದ್ದರು. ಕೊನೆಗೆ ಮಕ್ಕಳ ತಾಯಂದಿರೇ ಹೋಗಿ ಕೇಳಿದರು: "ತಪ್ಪು ಮಾಡಿ ತಾನೇ ಬಂದು ಹೇಳಿದೋನು ವ್ಯಾನ್ ಓಡಿಸೋದು ಒಳ್ಳೇದಲ್ವಾ ಮಿಸ್?"

ಕೋರ್ಟಿನಲ್ಲಿ ಲಾಯರಮ್ಮ ಅದೇ ಕೋಟು ತೊಟ್ಟು ವಾದಿಸಿದರು. ಟೈಲರ್ ಮಾವ ತೂತನ್ನು ಎಷ್ಟು ನಯವಾಗಿ ರಫೂ ಮಾಡಿದ್ದನೆಂದರೆ, ತೋರಿಸಲು ಅವರೇ ಹುಡುಕಬೇಕಾಯಿತು. ತಾವಾಗಿ ಬಂದು ಒಪ್ಪಿಕೊಂಡರು, ಯಾರಿಗೂ ಗಾಯವಾಗಿಲ್ಲ ಅನ್ನುವುದನ್ನು ನೋಡಿ ನ್ಯಾಯಾಧೀಶರು ಜೈಲಿನ ಮಾತೆತ್ತಲಿಲ್ಲ. ಮುಚ್ಚಳಿಕೆ ಬರೆಸಿಕೊಂಡರು. ಒಂದು ವರ್ಷ ಚುಕ್ಕಿ ಗುಂಡು ಹಾರಿಸುವಂತಿಲ್ಲ, ಆದರೆ ರೇಂಜಿಗೆ ಬರುವ ಪ್ರತಿ ಹೊಸಬರಿಗೂ ಮೊದಲ ಪಾಠ ಅವಳೇ ಹೇಳಿಕೊಡಬೇಕು. ಅಪ್ಪನ ಕೈಗೆ ವ್ಯಾನ್ ಮರಳಿ ಬಂತು. ಕೋಚ್ ಸರ್‌ಗೂ ಛೀಮಾರಿ ಬಿತ್ತು. ಆ ವಾರವೇ ಅವರು ರೇಂಜಿನ ಬಾಗಿಲಿಗೆ ಅಡ್ಡ ಮೇಜು ಹಾಕಿ, "ಇಲ್ಲಿ ಕೂತ್ಕೊ. ನಾನು ಬಂದ್ರೂ ನೋಡದೆ ಬಿಡ್ಬೇಡ" ಅಂದರು.

ದಾರ ಎಲ್ಲಿಂದ ತರುವುದು? "ನಾನಿಲ್ವಾ!" ಅಂದ ಟೈಲರ್ ಮಾವ. ಕತ್ತಲಲ್ಲೂ ಕಣ್ಣಿಗೆ ಹೊಡೆಯುವಂಥ ಕಿತ್ತಳೆ ಬಣ್ಣದ ದಪ್ಪ ದಾರ ಹುಡುಕಿ ತಂದು, ತುದಿ ಬಿಚ್ಚದಂತೆ ಗಂಟು ಹೊಲಿದು, ಇಡೀ ಕ್ಲಬ್ಬಿಗೆ ಆಗುವಷ್ಟು ಮಾಡಿಕೊಟ್ಟ. ಯಾರೂ ಯಾರ ಬಳಿಯೂ ಸಾಲ ಕೇಳದಿರಲಿ ಅಂತ ಒಬ್ಬೊಬ್ಬರಿಗೆ ಎರಡೆರಡು.

ಆ ವರ್ಷ ಪಾಠ ಹೇಳುತ್ತಾ ಹೇಳುತ್ತಾ ಚುಕ್ಕಿಗೆ ತನಗೇ ಗೊತ್ತಿರದ ಒಂದು ವಿಷಯ ಗೊತ್ತಾಯಿತು. ಗುಂಡು ಗುರಿಯ ನಡುವಿನ ಹತ್ತರ ಅಂಕಕ್ಕೆ ಬಿದ್ದಾಗ ಆಗುವ ಸಂತೋಷಕ್ಕಿಂತ, ಸಂಜೆ ಎಲ್ಲರೂ ದಾರ ತೋರಿಸಿ ನಗುನಗುತ್ತಾ ಮನೆಗೆ ಹೋದಾಗಿನ ಸಂತೋಷ ಹೆಚ್ಚು ಹೊತ್ತು ಉಳಿಯುತ್ತಿತ್ತು. ತಡೆ ಮುಗಿದ ಮೇಲೆ ಮತ್ತೆ ಪಂದ್ಯಗಳಿಗೂ ಹೋದಳು. ಲೋಕವನ್ನೇನೂ ಗೆಲ್ಲಲಿಲ್ಲ. ಒಂದು ಕಂಚು ಬಂತು. ಅದು ದೊರೆಯ ಕೊರಳಲ್ಲಿದೆ. ತಲೆಯಿಲ್ಲದವನ ಕೊರಳಿಂದ ಪದಕ ಜಾರದಂತೆ ಮಾವ ಅದನ್ನು ಹೊಲಿದೇ ಬಿಟ್ಟಿದ್ದಾನೆ. ಕೋಚ್ ಸರ್ ನಿವೃತ್ತರಾದಾಗ ಸೀಟಿ ಅವಳ ಕೊರಳಿಗೆ ಬಂತು.

ಮಾವನ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ದೊರೆಯ ಕಥೆ ಉಚಿತ. ಗುಂಡು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತಾ ಈಗ ಕುಂಬಳಕಾಯಿಯಷ್ಟಾಗಿದೆ. ದೊರೆ ಅದನ್ನು ಎದೆಯಲ್ಲಿ ಹಿಡಿದು, ಬಾಗಿ, "ಇನ್ನೊಂದು ಇದ್ರೆ ಕಳಿಸಿ" ಅಂದನಂತೆ. ಸೀಮೆಸುಣ್ಣ ಬಿದ್ದದ್ದು, ತಾನು ಬಗ್ಗಿದ್ದು, ಸೂಜಿ ಪೋಣಿಸಲಾಗದಿದ್ದದ್ದು, ಇವು ಮಾತ್ರ ಆ ಕಥೆಯಲ್ಲಿ ಬರುವುದಿಲ್ಲ. ಅಪ್ಪನನ್ನು ವ್ಯಾನಿನ ಮಕ್ಕಳು ಎಷ್ಟು ಪೀಡಿಸಿದರೂ, "ಅದೊಂದು ಕಥೆ ನನ್ನತ್ರ ಇಲ್ಲ ಮಕ್ಳೇ, ಟೈಲರನ್ನ ಕೇಳಿ" ಅಂದು, ಮೋಡದ ಕಥೆಗೆ ಹೊರಳುತ್ತಾನೆ.

ಮೊನ್ನೆ ಆಯ್ಕೆಯ ಪಂದ್ಯದ ಹಿಂದಿನ ದಿನ ಮತ್ತೆ ಕರೆಂಟ್ ಹೋಯಿತು. ಅದೇ ನೆಲಮಾಳಿಗೆ, ಅದೇ ಬಾವಿಯಂಥ ಕತ್ತಲು. ಚುಕ್ಕಿ ಸೀಟಿ ಊದಿದಳು.

"ಯಾರೂ ಜಾಗ ಬಿಟ್ಟು ಕದಲ್ಬೇಡಿ. ಪಿಸ್ತೂಲಿನ ಮೂತಿ ಗುರಿ ಕಡೆಗೇ ಇರ್ಲಿ. ಖಾಲಿ ಮಾಡಿ, ದಾರ ಹಾಕಿ. ಅವಸರ ಏನಿಲ್ಲ, ಭೂಮಿ ತಿರುಗ್ತಾನೇ ಇರುತ್ತೆ."

ಟಾರ್ಚು ಹಿಡಿದು ಮೊದಲನೆಯ ಸಾಲಿಗೆ ಬಂದಳು. ಕತ್ತಲಿನಲ್ಲಿ ಒಂದೊಂದೇ ದನಿ ಬಂತು. "ದಾರ ಬಂತು ಅಕ್ಕಾ." "ನಂದೂ ಬಂತು." "ಅಕ್ಕಾ, ನಂದು ಮುಂದೆ ಬಂದು ನಮಸ್ಕಾರ ಹೇಳ್ತಿದೆ." ಕಿಸಕ್ಕನೆ ನಗು.

ಅಷ್ಟರಲ್ಲಿ, ಎಲ್ಲಿಂದಲೋ, ಸಿಮೆಂಟು ನೆಲದ ಮೇಲೆ ಟಿಣ್ ಅನ್ನುವ ಸದ್ದು. ಸಣ್ಣದೇನೋ ಬಿದ್ದು, ಪುಟಿದು, ಉರುಳಿಕೊಂಡು ಹೋಗಿ ನಿಂತಿತು. ನಗು ನಿಂತಿತು. ಕತ್ತಲಲ್ಲಿ ಅದು ಯಾರದೆಂದು ಹೇಳಲು ಸಾಧ್ಯವಿರಲಿಲ್ಲ. ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ನಾಳೆ ಪಂದ್ಯ ಬೇರೆ.

"ಅಕ್ಕಾ..." ಎರಡು ಜಡೆಯ ಹುಡುಗಿಯ ದನಿ ದಾರದಷ್ಟು ಸಣ್ಣಗಿತ್ತು. "ಅದು ನಂದು. ಮ್ಯಾಗಝೀನ್ ತೆಗ್ದಿದ್ದೆ. ಖಾಲಿ ಅಂದ್ಕೊಂಡಿದ್ದೆ. ದಾರ ಹಾಕೋಕೆ ಹಿಂದಕ್ಕೆಳೆದ್ರೆ ಹೊರಗೆ ಬಿತ್ತು."

ಚುಕ್ಕಿ ಅವಳ ಹತ್ತಿರ ಹೋಗಿ, ಕೈಯಿಂದ ದಾರ ಇಸಿದುಕೊಂಡು, ತಾನೇ ತೂರಿಸಿ, ಟಾರ್ಚಿನ ಬೆಳಕಿನಲ್ಲಿ ತುದಿ ತೋರಿಸಿದಳು. ಬೈಯುತ್ತಾಳೆ ಅಂತ ಎಲ್ಲರೂ ಕಾದರು.

"ನಾಳೆ... ನಾನು ಹೋಗ್ಬಹುದಾ ಅಕ್ಕಾ?"

"ಯಾಕೆ ಹೋಗ್ಬಾರ್ದು? ಅದು ಬೀಳ್ಬೇಕಾದ ಜಾಗದಲ್ಲೇ ಬಿತ್ತಲ್ಲ. ಹೋಗಿ ಚೆನ್ನಾಗಿ ಹೊಡಿ."

ಬಗ್ಗಿ, ನೆಲದ ಮೇಲೆ ಬಿದ್ದಿದ್ದ ಆ ಪುಟ್ಟ ಗುಂಡನ್ನು ಹುಡುಕಿ ಎತ್ತಿಕೊಂಡಳು. ಅಂಗೈಯಲ್ಲಿ ಇನ್ನೂ ತಣ್ಣಗಿತ್ತು. ಮೇಲೆ ರಸ್ತೆಯಲ್ಲಿ ಅಪ್ಪನ ವ್ಯಾನಿನ ಹಾರ್ನು ಕೇಳಿಸಿತು, ಮನೆಗೆ ಹೋಗುವ ಹೊತ್ತಾಗಿತ್ತು.

"ಹ್ಞೂಂ, ಸಾಲಾಗಿ ಬನ್ನಿ" ಅಂದಳು ಚುಕ್ಕಿ, ಬಾಗಿಲ ಮೇಜಿನ ಕಡೆ ನಡೆಯುತ್ತಾ. "ಒಬ್ಬೊಬ್ಬರೇ ತೋರ್ಸಿ."